ಟರ್ಬೊ ಕಾರಿನ ಪ್ಲಾಸ್ಟಿಕ್ ಮ್ಯಾನಿಫೋಲ್ಡ್: ಎಷ್ಟು ಒತ್ತಡ ತಡೆಯುತ್ತೆ?

‘ನನ್ನದು ಒಂದು ಲೀಟರ್ ಟರ್ಬೊ ಪೆಟ್ರೋಲ್ ಗಾಡಿ ಗುರು. ರೀಮ್ಯಾಪ್ ಮಾಡಿಸಿದ್ರೆ ಕಾಲು ಭಾಗ ಪವರ್ ಜಾಸ್ತಿ ಸಿಗುತ್ತಂತೆ. ಆದ್ರೆ ಬಾನೆಟ್ ಎತ್ತಿ ನೋಡಿದ್ರೆ ಎಂಜಿನ್ನಿಗೆ ಗಾಳಿ ಹೋಗೋ ಡಬ್ಬಿನೇ ಪ್ಲಾಸ್ಟಿಕ್ಕು! ತಡೆಯುತ್ತಾ?’

ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾಫಿ ಬ್ರೇಕ್‌ನಲ್ಲಿ, ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಈಗ ಈ ಪ್ರಶ್ನೆ ಸಾಮಾನ್ಯ. ಉತ್ತರಗಳೂ ಎರಡೇ. ಹಳೇ ಕಾಲದ ಮೆಕ್ಯಾನಿಕ್ ಹೇಳೋದು, ‘ಪ್ಲಾಸ್ಟಿಕ್ ಅಂದ್ಮೇಲೆ ಮುಗೀತು, ಕಂಪನಿಯವರು ದುಡ್ಡು ಉಳಿಸಿಕೊಂಡಿದ್ದಾರೆ’. ಟ್ಯೂನಿಂಗ್ ಅಂಗಡಿಯವರು ಹೇಳೋದು, ‘ಏನೂ ಆಗಲ್ಲ ಸರ್, ಎಷ್ಟೋ ಗಾಡಿಗೆ ಮಾಡಿದ್ದೀವಿ’.

ಎರಡರಲ್ಲೂ ಅರ್ಧ ಸತ್ಯ ಇದೆ. ಇನ್ನರ್ಧ ತಿಳಿಯಬೇಕಾದರೆ ಆ ಡಬ್ಬಿಯ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ಕೊನೆಗೆ ರೀಮ್ಯಾಪ್ ಬೇಕೋ ಬೇಡವೋ ಅನ್ನುವ ನಿರ್ಧಾರ ನಿಮ್ಮದೇ. ಆದರೆ ಲೆಕ್ಕ ಗೊತ್ತಿದ್ದು ನಿರ್ಧರಿಸೋಣ.

ಮೊದಲು, ಇದು ಏನು?

ಎಂಜಿನ್ ಉಸಿರಾಡುವ ಗಾಳಿಯನ್ನು ಎಲ್ಲ ಸಿಲಿಂಡರ್‌ಗಳಿಗೂ ಹಂಚುವ ಭಾಗವೇ ಇನ್‌ಟೇಕ್ ಮ್ಯಾನಿಫೋಲ್ಡ್. ಒಂದು ದೊಡ್ಡ ಡಬ್ಬಿ, ಅದರಿಂದ ಹೊರಡುವ ಮೂರು ಅಥವಾ ನಾಲ್ಕು ಕೊಳವೆ. ಹಿಂದೆ ಇದನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯುತ್ತಿದ್ದರು. ಈಗ ಬಹುತೇಕ ಸಣ್ಣ ಕಾರುಗಳಲ್ಲಿ ಇದು ಪ್ಲಾಸ್ಟಿಕ್.

ಪ್ಲಾಸ್ಟಿಕ್ ಅಂದ ಕೂಡಲೇ ಬಚ್ಚಲ ಮನೆಯ ಬಕೆಟ್ ನೆನಪಾಗುತ್ತದೆ. ಇಲ್ಲಿ ಬಳಸುವುದು ನೈಲಾನ್. ಅದಕ್ಕೆ ತೂಕದಲ್ಲಿ ಸುಮಾರು 30ರಿಂದ 35 ಶೇಕಡಾ ಗಾಜಿನ ಎಳೆ ಬೆರೆಸಿರುತ್ತಾರೆ. ಕಾಂಕ್ರೀಟಿಗೆ ಕಬ್ಬಿಣದ ಸರಳು ಹೇಗೋ, ನೈಲಾನಿಗೆ ಗಾಜಿನ ಎಳೆ ಹಾಗೆ. ಅಲ್ಯೂಮಿನಿಯಂ ಮ್ಯಾನಿಫೋಲ್ಡ್‌ಗೆ ಹೋಲಿಸಿದರೆ ತೂಕ ಸುಮಾರು ಅರ್ಧ. ಒಳಮೈ ನುಣುಪಾಗಿರುವುದರಿಂದ ಗಾಳಿ ಸರಾಗವಾಗಿ ಹರಿಯುತ್ತದೆ. ಎಂಜಿನ್‌ನ ಬಿಸಿ ಒಳಗಿನ ಗಾಳಿಗೆ ಅಷ್ಟಾಗಿ ಹತ್ತುವುದಿಲ್ಲ. ಹಣ ಉಳಿತಾಯವೂ ಹೌದು, ಆದರೆ ಅದೊಂದೇ ಕಾರಣವಲ್ಲ.

ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಎಂಜಿನ್ ಇದಕ್ಕೆ ಒಳ್ಳೇ ಉದಾಹರಣೆ. ನಮ್ಮಲ್ಲಿ ಪೋಲೊದಲ್ಲಿ ಬಂದು, ಈಗ ವರ್ಟಸ್, ಟೈಗನ್, ಸ್ಕೋಡಾದ ಕುಶಾಕ್, ಸ್ಲಾವಿಯಾದಲ್ಲಿ ಓಡುತ್ತಿರುವ ಎಂಜಿನ್ ಇದು. 999 ಸಿಸಿ, ಮೂರೇ ಸಿಲಿಂಡರ್, ಆದರೂ 178 ನ್ಯೂಟನ್ ಮೀಟರ್ ಟಾರ್ಕ್. ಇದರಲ್ಲಿ ಇಂಟರ್‌ಕೂಲರ್ ಅನ್ನೇ ಪ್ಲಾಸ್ಟಿಕ್ ಮ್ಯಾನಿಫೋಲ್ಡ್‌ನ ಒಳಗೆ ಕೂರಿಸಿದ್ದಾರೆ. ಟರ್ಬೊದಿಂದ ಬಂದ ಬಿಸಿ ಗಾಳಿ ಮ್ಯಾನಿಫೋಲ್ಡ್‌ನ ಬಾಯಿವರೆಗೂ ಬಂದು, ಅಲ್ಲಿ ತಣ್ಣಗಾಗಿ ಸಿಲಿಂಡರ್ ಸೇರುತ್ತದೆ.

ಇಂಥ ಸಣ್ಣ ಟರ್ಬೊ ಎಂಜಿನ್‌ಗಳು ಇಲ್ಲಿ ಹೆಚ್ಚಾಗಲು ತೆರಿಗೆಯೂ ಒಂದು ಕಾರಣ. ನಾಲ್ಕು ಮೀಟರ್ ಒಳಗಿನ ಕಾರಿಗೆ 1200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ತೆರಿಗೆ ಕಡಿಮೆ. ಎಂಜಿನ್ ದೊಡ್ಡದು ಮಾಡುವಂತಿಲ್ಲ, ಪವರ್ ಬೇಕು. ಉಳಿದ ದಾರಿ ಗಾಳಿಯನ್ನು ಒತ್ತಿ ತುಂಬುವುದು.

ಅಡುಗೆಮನೆಯ ಕುಕ್ಕರ್ ಲೆಕ್ಕ

ಟರ್ಬೊ ಇಲ್ಲದ ಕಾರಿನಲ್ಲಿ ಮ್ಯಾನಿಫೋಲ್ಡ್‌ನ ಒಳಗೆ ಒತ್ತಡ ಯಾವಾಗಲೂ ಹೊರಗಿನ ಗಾಳಿಗಿಂತ ಕಡಿಮೆ. ಎಂಜಿನ್ ಎಳೆಯುತ್ತಿರುತ್ತದೆ, ಡಬ್ಬಿ ಒಳಕ್ಕೆ ಕುಗ್ಗಲು ನೋಡುತ್ತದೆ. ಅಂದರೆ ಡಬ್ಬಿಯ ಎರಡು ಹೋಳುಗಳನ್ನು ಹೊರಗಿನ ಗಾಳಿಯೇ ಒಂದಕ್ಕೊಂದು ಅದುಮಿ ಹಿಡಿದಿರುತ್ತದೆ.

ಟರ್ಬೊ ಬಂದ ಮೇಲೆ ಈ ಆಟ ತಿರುಗಿತು. ಸಿಗ್ನಲ್‌ನಲ್ಲಿ ನಿಂತಾಗ ಒಳಕ್ಕೆ ಎಳೆತ. ಆಕ್ಸಿಲರೇಟರ್ ಒತ್ತಿದ ಕ್ಷಣ ಹೊರಕ್ಕೆ ತಳ್ಳಾಟ. ಸಣ್ಣ ಟರ್ಬೊ ಕಾರುಗಳಲ್ಲಿ ಈ ತಳ್ಳಾಟ, ಅಂದರೆ ಬೂಸ್ಟ್, ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ 1 ಬಾರ್ ಆಸುಪಾಸು ಹೆಚ್ಚು. ಇದು ಎಷ್ಟು ಗೊತ್ತಾ? ನಿಮ್ಮ ಮನೆಯ ಪ್ರೆಷರ್ ಕುಕ್ಕರ್ ವಿಸಲ್ ಹೊಡೆಯುವಾಗ ಒಳಗಿರುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ.

ಕೇಳೋಕೆ ಸಣ್ಣದು. ಆದರೆ 1 ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ. ಮ್ಯಾನಿಫೋಲ್ಡ್‌ನ ಮೇಲ್ಭಾಗ 10 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ ಅಂದುಕೊಳ್ಳಿ. ಅದನ್ನು ಮೇಲಕ್ಕೆ ತಳ್ಳುವ ಬಲ 200 ಕಿಲೋ. ಓವರ್‌ಟೇಕ್ ಮಾಡಿದಾಗಲೆಲ್ಲ ಒಂದು ಸಲ.

ಕುಕ್ಕರಿನ ವಿಸಲ್ ಮಾಡುವ ಕೆಲಸವನ್ನು ಇಲ್ಲಿ ವೇಸ್ಟ್‌ಗೇಟ್ ಮಾಡುತ್ತದೆ; ಬೂಸ್ಟ್ ಮಿತಿ ಮುಟ್ಟಿದ ಮೇಲೆ ಎಕ್ಸಾಸ್ಟ್ ಗಾಳಿಯನ್ನು ಟರ್ಬೊ ಪಕ್ಕದಿಂದ ಬಿಟ್ಟುಬಿಡುತ್ತದೆ. ಎಷ್ಟಕ್ಕೆ ತೆರೆಯಬೇಕು ಅನ್ನೋದು ಕಾರಿನ ಇಸಿಯು ಕೈಯಲ್ಲಿದೆ. ರೀಮ್ಯಾಪ್ ಅಂದರೆ ಆ ಇಸಿಯುನ ಸಂಖ್ಯೆಗಳನ್ನು ಬದಲಿಸುವುದು. ಕುಕ್ಕರಿನ ವಿಸಲ್ ಮೇಲೆ ಇನ್ನೊಂದು ಸಣ್ಣ ಕಲ್ಲು ಇಟ್ಟ ಹಾಗೆ.

25 ಶೇಕಡಾ ಅನ್ನುವುದು ನಿಜಕ್ಕೂ ಎಷ್ಟು?

ಇಲ್ಲೊಂದು ಸೂಕ್ಷ್ಮ ಇದೆ, ಅಂಗಡಿಯ ಬ್ರೋಷರ್‌ನಲ್ಲಿ ಇದು ಕಾಣುವುದಿಲ್ಲ.

ಎಂಜಿನ್ನಿಗೆ ಮುಖ್ಯ ಆಗೋದು ಒಳಗಿರುವ ಒಟ್ಟು ಒತ್ತಡ. ಮ್ಯಾನಿಫೋಲ್ಡ್‌ನ ಗೋಡೆಗೆ ಮುಖ್ಯ ಆಗೋದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಹೊರಗಿನ ಒತ್ತಡ ಸುಮಾರು 0.91 ಬಾರ್. ಬೂಸ್ಟ್ 1 ಬಾರ್ ಇದ್ದರೆ ಒಳಗೆ ಒಟ್ಟು 1.91.

ಈಗ ಟಾರ್ಕ್ 25 ಶೇಕಡಾ ಹೆಚ್ಚಬೇಕು, ಅದೂ ಬೂಸ್ಟ್ ಒಂದರಿಂದಲೇ ಅಂದುಕೊಳ್ಳೋಣ. ಒಟ್ಟು ಒತ್ತಡ 25 ಶೇಕಡಾ ಏರಬೇಕು, ಅಂದರೆ ಸುಮಾರು 2.39. ಅದರಲ್ಲಿ ಹೊರಗಿನ 0.91 ಕಳೆದರೆ 1.48. ಗೋಡೆಯ ಮೇಲಿನ ಭಾರ 1 ಬಾರ್‌ನಿಂದ 1.48 ಬಾರ್‌ಗೆ ಹೋಯಿತು. ಎಂಜಿನ್ ಪಾಲಿಗೆ 25 ಶೇಕಡಾ, ಡಬ್ಬಿಯ ಪಾಲಿಗೆ ಹತ್ತಿರ ಹತ್ತಿರ 50 ಶೇಕಡಾ. ಆ 200 ಕಿಲೋ ಈಗ 300 ಕಿಲೋ.

ನಿಜವಾದ ರೀಮ್ಯಾಪ್‌ಗಳಲ್ಲಿ ಇಗ್ನಿಷನ್ ಟೈಮಿಂಗ್‌ನಿಂದಲೂ ಒಂದಿಷ್ಟು ಲಾಭ ತೆಗೆಯುತ್ತಾರೆ, ಹಾಗಾಗಿ ಅಂಕಿ ಸ್ವಲ್ಪ ಕಡಿಮೆ ಇರಬಹುದು. ಆದರೆ ಲೆಕ್ಕದ ದಿಕ್ಕು ಇದೇ.

ಬಿಸಿಯ ಲೆಕ್ಕವನ್ನೂ ನೋಡಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು. ಹೊರಗೆ 30 ಡಿಗ್ರಿ ಇದೆ, ಟರ್ಬೊದ ಕಂಪ್ರೆಸರ್ 70 ಶೇಕಡಾ ದಕ್ಷತೆಯಲ್ಲಿ ಓಡುತ್ತಿದೆ ಅಂದುಕೊಂಡರೆ, 1.91 ಬಾರ್‌ಗೆ ಒತ್ತಿದ ಗಾಳಿ ಸುಮಾರು 130 ಡಿಗ್ರಿಯಲ್ಲಿ ಹೊರಬರುತ್ತದೆ. 2.39ಕ್ಕೆ ಒತ್ತಿದರೆ ಸುಮಾರು 165 ಡಿಗ್ರಿ. ಇಂಟರ್‌ಕೂಲರ್ ಇದನ್ನು ಇಳಿಸುತ್ತದೆ ನಿಜ. ಆದರೆ ಇಂಟರ್‌ಕೂಲರ್‌ಗೆ ಮುಂಚಿನ ಕೊಳವೆ, ಜಾಯಿಂಟುಗಳು ಆ ಬಿಸಿಯನ್ನು ನೇರವಾಗಿ ತಿನ್ನುತ್ತವೆ.

ನೈಲಾನಿನ ಸ್ವಭಾವ

ಗಾಜಿನ ಎಳೆ ಬೆರೆಸಿದ ನೈಲಾನ್, ಒಣಗಿದ್ದು ತಣ್ಣಗಿದ್ದಾಗ, ಚದರ ಮಿಲಿಮೀಟರಿಗೆ ಸುಮಾರು 180 ನ್ಯೂಟನ್ ಎಳೆತ ತಡೆಯುತ್ತದೆ. ಹತ್ತಿರ ಹತ್ತಿರ 18 ಕಿಲೋ ತೂಕ. ಒಳ್ಳೆಯ ಶಕ್ತಿಯೇ.

ಆದರೆ ನೈಲಾನ್ ನೀರು ಕುಡಿಯುವ ವಸ್ತು. ಗಾಳಿಯಲ್ಲಿನ ತೇವ ಹೀರಿಕೊಂಡ ಮೇಲೆ ಆ ಸಂಖ್ಯೆ 120–130ಕ್ಕೆ ಇಳಿಯುತ್ತದೆ. ಬಿಸಿ 120 ಡಿಗ್ರಿ ಹತ್ತಿರ ಹೋದರೆ, ಒಣಗಿದ ತುಂಡಿನ ಶಕ್ತಿಯೂ ಸುಮಾರು ಅರ್ಧಕ್ಕೆ ಬರುತ್ತದೆ. ಕರಗುವುದು ಬಹಳ ದೂರದ ಮಾತು. ನೈಲಾನ್ 6 ಕರಗಲು ಸುಮಾರು 220 ಡಿಗ್ರಿ ಬೇಕು, ನೈಲಾನ್ 66ಕ್ಕೆ 260. ಆದರೆ ಕರಗುವ ಮುಂಚೆಯೇ ಮೆತ್ತಗಾಗುವುದು ಶುರುವಾಗಿರುತ್ತದೆ. ಹೆಚ್ಚು ಬಿಸಿ ತಾಗುವ ಜಾಗಕ್ಕೆ ನೈಲಾನ್ 46, ಪಿಪಿಎಸ್‌ನಂಥ ದುಬಾರಿ ಪ್ಲಾಸ್ಟಿಕ್ ಹಾಕುವುದು ಇದೇ ಕಾರಣಕ್ಕೆ.

ಇನ್ನೊಂದು ವಿಷಯ, ಬೆಸುಗೆ. ಮ್ಯಾನಿಫೋಲ್ಡ್ ಒಂದೇ ತುಂಡಾಗಿ ಅಚ್ಚಿನಿಂದ ಬರುವುದಿಲ್ಲ. ಎರಡು ಮೂರು ಹೋಳು ಮಾಡಿ, ಅವುಗಳ ಅಂಚನ್ನು ಒಂದಕ್ಕೊಂದು ವೇಗವಾಗಿ ಉಜ್ಜಿ, ಆ ಬಿಸಿಗೇ ಕರಗಿಸಿ ಅಂಟಿಸುತ್ತಾರೆ. ಇದಕ್ಕೆ ವೈಬ್ರೇಷನ್ ವೆಲ್ಡಿಂಗ್ ಅಂತ ಹೆಸರು. ಕರಗಿ ಸೇರುವ ಆ ಗೆರೆಯಲ್ಲಿ ಗಾಜಿನ ಎಳೆಗಳು ಈ ಕಡೆಯಿಂದ ಆ ಕಡೆಗೆ ದಾಟುವುದಿಲ್ಲ, ಗೆರೆಯ ಉದ್ದಕ್ಕೇ ಮಲಗಿಬಿಡುತ್ತವೆ. ಹಾಗಾಗಿ ಅಲ್ಲಿ ಸಿಗುವುದು ಬರೀ ನೈಲಾನಿನ ಶಕ್ತಿ. ಗಾಜು ಬೆರೆತ ಗೋಡೆಯ ಅರ್ಧಕ್ಕಿಂತ ಕಡಿಮೆ.

ಟರ್ಬೊ ಇಲ್ಲದಿದ್ದಾಗ ಹೊರಗಿನ ಗಾಳಿ ಈ ಬೆಸುಗೆಯನ್ನು ಅದುಮಿ ಹಿಡಿದಿತ್ತು ಅಂತ ಹೇಳಿದೆನಲ್ಲ. ಈಗ ಅದೇ ಗೆರೆಯನ್ನು ಬೂಸ್ಟ್ ಬಿಚ್ಚಲು ನೋಡುತ್ತದೆ. ಟರ್ಬೊ ಕಾರಿನ ಮ್ಯಾನಿಫೋಲ್ಡ್ ಹೊರಮೈ ತುಂಬ ಹಪ್ಪಳದ ಕಡ್ಡಿಯಂಥ ಏಣುಗಳಿರುವುದು, ಬೆಸುಗೆಯ ಅಂಚು ಅಗಲವಾಗಿರುವುದು ಅಲಂಕಾರಕ್ಕಲ್ಲ.

ಹಾಗಾದರೆ ಕಂಪನಿಯವರು ನೋಡಿಲ್ವಾ?

ಖಂಡಿತ ನೋಡಿರುತ್ತಾರೆ. ಮ್ಯಾನಿಫೋಲ್ಡನ್ನು ಒಡೆಯುವವರೆಗೆ ಒತ್ತಡ ತುಂಬಿ ಪರೀಕ್ಷಿಸುತ್ತಾರೆ. ಬಿಸಿ ಮಾಡಿ, ತಣ್ಣಗೆ ಮಾಡಿ, ಅಲುಗಿಸಿ, ಸಾವಿರಾರು ಸಲ ಒತ್ತಡ ಏರಿಳಿಸಿ ನೋಡುತ್ತಾರೆ. ಕಾರಿನ ಸಾಮಾನ್ಯ ಬೂಸ್ಟ್‌ಗಿಂತ ಸಾಕಷ್ಟು ಹೆಚ್ಚಿನ ಒತ್ತಡಕ್ಕೂ ಅದು ನಿಲ್ಲಬೇಕು. ಟ್ಯೂನಿಂಗ್ ಅಂಗಡಿಯವರು ‘ಏನೂ ಆಗಲ್ಲ’ ಅನ್ನೋದು ಈ ಮಾರ್ಜಿನ್ ನಂಬಿಕೊಂಡು.

ಆದರೆ ಆ ಮಾರ್ಜಿನ್ ಯಾಕಿದೆ? ಹತ್ತು ವರ್ಷದ ಬಿಸಿ, ತೇವ, ಆಯಾಸ, ಅಚ್ಚಿನಲ್ಲಿ ಬರುವ ಸಣ್ಣಪುಟ್ಟ ವ್ಯತ್ಯಾಸ, ಇವೆಲ್ಲ ತಿಂದ ಮೇಲೂ ಉಳಿಯಲಿ ಅಂತ. ಖಾಲಿ ಬಿದ್ದಿರುವ ಜಾಗ ಅಂತ ನಾವು ಅಂದುಕೊಂಡಿದ್ದು ಮುಂದಿನ ವರ್ಷಗಳಿಗಾಗಿ ಎತ್ತಿಟ್ಟ ಜಾಗ.

ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ, ಲೋಡ್ ಟೆಸ್ಟ್ ಬೇರೆ, ಸೋಕ್ ಟೆಸ್ಟ್ ಬೇರೆ. ಹತ್ತು ನಿಮಿಷ ಭರ್ತಿ ಟ್ರಾಫಿಕ್ ತಡೆದ ಸರ್ವರ್, ಮೂರು ದಿನ ಸತತ ಓಡಿಸಿದಾಗ ಮೆಮೊರಿ ಲೀಕ್ ಆಗಿ ಬೀಳಬಹುದು. ಡೈನೋ ಮೇಲೆ ಕಾರು ಪೂರ್ತಿ ಬೂಸ್ಟ್‌ನಲ್ಲಿ ಇರುವುದು ಒಂದು ಸಲಕ್ಕೆ ಕೆಲವೇ ಸೆಕೆಂಡು, ಅದೂ ಎದುರಿಗೆ ದೊಡ್ಡ ಫ್ಯಾನ್ ಇಟ್ಟುಕೊಂಡು. ಮೇ ತಿಂಗಳಲ್ಲಿ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಮುಕ್ಕಾಲು ಗಂಟೆ ಬೆಂದು, ಆಮೇಲೆ ಹೊಸೂರು ರಸ್ತೆಯಲ್ಲಿ ಒಮ್ಮೆಲೇ ಒತ್ತುವುದನ್ನು ಯಾರೂ ಡೈನೋ ಮೇಲೆ ಮಾಡಿ ತೋರಿಸುವುದಿಲ್ಲ.

ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಸೋಕ್ ಟೆಸ್ಟ್‌ನಲ್ಲಿ ಸೋತ ಪ್ರಸಿದ್ಧ ಪ್ರಕರಣ ಅಮೆರಿಕದ್ದು. 1990ರ ದಶಕದಲ್ಲಿ ಫೋರ್ಡ್ ತನ್ನ 4.6 ಲೀಟರ್ ವಿ8 ಎಂಜಿನ್ನಿಗೆ ಪೂರ್ತಿ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಹಾಕಿತು. ಪೊಲೀಸರು, ಟ್ಯಾಕ್ಸಿಯವರು ಓಡಿಸುತ್ತಿದ್ದ ಕ್ರೌನ್ ವಿಕ್ಟೋರಿಯಾದಲ್ಲೂ ಅದೇ. ಟರ್ಬೊ ಇರಲಿಲ್ಲ. ಆದರೆ ಮ್ಯಾನಿಫೋಲ್ಡ್‌ನ ಮುಂಭಾಗದಲ್ಲೇ ಎಂಜಿನ್ ಕೂಲಂಟ್ ಹಾದುಹೋಗುತ್ತಿತ್ತು. ಬಿಸಿ ನೀರು, ಜೊತೆಗೆ ಸುಮಾರು 1 ಬಾರ್ ಒತ್ತಡ. ಹೊಸದಾಗಿ ಚೆನ್ನಾಗಿಯೇ ಇದ್ದವು, ವರ್ಷಗಳ ನಂತರ ಆ ಜಾಗದಲ್ಲಿ ಸೀಳು ಬಿಟ್ಟು ಕೂಲಂಟ್ ಸೋರತೊಡಗಿತು. ಕೊನೆಗೆ ಆ ಭಾಗವನ್ನಷ್ಟೇ ಅಲ್ಯೂಮಿನಿಯಂ ಮಾಡಿದ ಮ್ಯಾನಿಫೋಲ್ಡ್ ಬಂತು, ಉಳಿದದ್ದು ಪ್ಲಾಸ್ಟಿಕ್ಕಾಗಿಯೇ ಉಳಿಯಿತು.

ಮೊದಲ ದಿನದ ಶಕ್ತಿ ಅಲ್ಲಿ ಸಮಸ್ಯೆಯೇ ಆಗಿರಲಿಲ್ಲ. ಒತ್ತಡ, ಬಿಸಿ, ಕಾಲ, ಮೂರೂ ಒಂದೇ ಜಾಗದಲ್ಲಿ ಸೇರಿದ್ದು ಸಮಸ್ಯೆ. ‘ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಎಷ್ಟು ಬಾರ್ ತಡೆಯುತ್ತೆ’ ಅನ್ನುವ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಇಲ್ಲದಿರುವುದು ಅದಕ್ಕೇ. ಎಷ್ಟು ಬಾರ್, ಎಷ್ಟು ಬಿಸಿಯಲ್ಲಿ, ಎಷ್ಟು ವರ್ಷ ಅಂತ ಕೇಳಬೇಕು.

ಒಡೆದರೆ ಏನಾಗುತ್ತೆ?

ಸಿನಿಮಾದಂತೆ ಬಾನೆಟ್ ಹಾರುವುದಿಲ್ಲ. ಇನ್ನೂ ಒಂದು ಸಮಾಧಾನ: ನೇರವಾಗಿ ಸಿಲಿಂಡರ್‌ಗೆ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಒಳಗೆ ಮುಖ್ಯವಾಗಿ ಇರುವುದು ಗಾಳಿ.

ಸಾಮಾನ್ಯವಾಗಿ ಮೊದಲು ಕೈಕೊಡುವುದು ಮ್ಯಾನಿಫೋಲ್ಡ್ ಕೂಡ ಅಲ್ಲ. ಹೋಸ್‌ನ ಕ್ಲಾಂಪ್ ಜಾರುತ್ತದೆ, ಜಾಯಿಂಟಿನ ರಬ್ಬರ್ ಸೀಲ್ ಹೋಗುತ್ತದೆ, ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ತುದಿ ಬಿರುಕು ಬಿಡುತ್ತದೆ. ಬೆಸುಗೆ ಗೆರೆ ಬಾಯಿಬಿಟ್ಟರೂ ಮೊದಲು ಕೂದಲೆಳೆಯಷ್ಟೇ. ಒತ್ತಿದಾಗ ‘ಸುಯ್’ ಅನ್ನುವ ಸದ್ದು, ಎಳೆತ ಕಡಿಮೆ, ನಿಂತಾಗ ಎಂಜಿನ್ ನಡುಗುವುದು, ಚೆಕ್ ಎಂಜಿನ್ ದೀಪ. ಸ್ಕ್ಯಾನ್ ಮಾಡಿದರೆ ಪಿ0299, ಅಂದರೆ ಬೂಸ್ಟ್ ಸಾಲುತ್ತಿಲ್ಲ ಅನ್ನುವ ಕೋಡ್ ಬರಬಹುದು. ಸೋರಿದ ಗಾಳಿ ತುಂಬಿಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ, ಗಾಳಿ ಇನ್ನೂ ಬಿಸಿಯಾಗುತ್ತದೆ.

ಅಪಾಯ ಇರುವುದು ಅದು ಆಗುವ ಹೊತ್ತಿನಲ್ಲಿ. ಪೂರ್ತಿ ಬೂಸ್ಟ್ ಬಳಸುವುದು ಯಾವಾಗ? ಶಿರಾಡಿ ಘಾಟಿಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಟ್ಯಾಂಕರ್ ಒಂದನ್ನು ಹಿಂದೆ ಹಾಕುವಾಗ. ಹೋಸ್ ಕಳಚುವುದೂ ಆಗಲೇ. ಟ್ಯಾಂಕರ್ ಪಕ್ಕಕ್ಕೆ ಬಂದ ಹೊತ್ತಿಗೆ ಅರ್ಧ ಪವರ್ ಮಾಯವಾದರೆ, ಎದುರಿನ ತಿರುವಿನಿಂದ ಬಸ್ಸು ಬಂದರೆ? ನಾವು ತೂಗಿ ನೋಡಬೇಕಾದ್ದು ಇದನ್ನು.

ಮಾಡಿಸೋದೇ ಆದರೆ

ಮೊದಲಿಗೆ, ನಿಮ್ಮ ಕಾರಿನ ಈಗಿನ ಲೆಕ್ಕ ನೀವೇ ನೋಡಿ. ಬ್ಲೂಟೂತ್ ಓಬಿಡಿ ಡಾಂಗಲ್ ಹಾಕಿ, ಫೋನಿನ ಆ್ಯಪ್‌ನಲ್ಲಿ ಮ್ಯಾನಿಫೋಲ್ಡ್ ಪ್ರೆಷರ್ ಮತ್ತು ಇನ್‌ಟೇಕ್ ಗಾಳಿಯ ತಾಪಮಾನ ತೆರೆಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದರೆ ಬೆಂಗಳೂರಿನಲ್ಲಿ 91 ಕಿಲೋಪಾಸ್ಕಲ್ ಆಸುಪಾಸು, ಮಂಗಳೂರಿನಲ್ಲಿ 101 ಆಸುಪಾಸು ತೋರಿಸಬೇಕು. ಅದು ಹೊರಗಿನ ಗಾಳಿ. ಸ್ಟಾರ್ಟ್ ಮಾಡಿ ಬಿಟ್ಟರೆ 30–40ಕ್ಕೆ ಇಳಿಯುತ್ತದೆ. ಒತ್ತಿದಾಗ ಕಾಣುವ ಗರಿಷ್ಠ ಸಂಖ್ಯೆಯಿಂದ ಹೊರಗಿನದನ್ನು ಕಳೆದರೆ ನಿಮ್ಮ ಮ್ಯಾನಿಫೋಲ್ಡ್ ಗೋಡೆ ಹೊರುತ್ತಿರುವ ಭಾರ. 100 ಕಿಲೋಪಾಸ್ಕಲ್ ಅಂದರೆ 1 ಬಾರ್. ಓಡಿಸುವಾಗ ಫೋನ್ ನೋಡಬೇಡಿ, ಆ್ಯಪ್ ರೆಕಾರ್ಡ್ ಮಾಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಸಾಮಾನ್ಯ ಓಬಿಡಿಯಲ್ಲಿ ಈ ಸಂಖ್ಯೆಗೆ ಇರುವುದು ಒಂದೇ ಬೈಟ್ ಜಾಗ. 255 ದಾಟಿದರೆ ಆ್ಯಪ್‌ಗೆ ಕಾಣುವುದಿಲ್ಲ. ರೀಮ್ಯಾಪ್ ಆದ ಮೇಲೆ ಸಂಖ್ಯೆ 255ಕ್ಕೇ ಅಂಟಿಕೊಂಡರೆ ನಿಜವಾದದ್ದು ಅದಕ್ಕಿಂತ ಮೇಲಿರಬಹುದು.

ಟ್ಯೂನರ್ ಹತ್ತಿರ ಪವರ್ ಎಷ್ಟು ಅಂತ ಮಾತ್ರ ಕೇಳಬೇಡಿ. ಗರಿಷ್ಠ ಬೂಸ್ಟ್ ಎಷ್ಟು, ಬೆನ್ನುಬೆನ್ನಿಗೆ ನಾಲ್ಕೈದು ಸಲ ಓಡಿಸಿದ ಮೇಲೆ ಇನ್‌ಟೇಕ್ ತಾಪಮಾನ ಎಲ್ಲಿಗೆ ಹೋಯಿತು, ಓವರ್‌ಬೂಸ್ಟ್ ಆದರೆ ಕಟ್ ಮಾಡುವ ಮಿತಿಯನ್ನು ಎಲ್ಲಿಟ್ಟಿದ್ದೀರಿ, ಈ ಮೂರಕ್ಕೂ ಲಾಗ್ ಫೈಲ್ ಸಮೇತ ಉತ್ತರ ಬರಬೇಕು. ‘ಅದೆಲ್ಲ ಏನೂ ತೊಂದ್ರೆ ಇಲ್ಲ ಸರ್’ ಅಂದರೆ ಎದ್ದು ಬನ್ನಿ. ಆ ಮಿತಿಯನ್ನೇ ತೆಗೆದುಹಾಕಿದರೆ ಕುಕ್ಕರಿನ ಸೇಫ್ಟಿ ವಾಲ್ವ್ ಕಿತ್ತ ಹಾಗೆ.

ಕಾರು ಎಂಟತ್ತು ವರ್ಷದ್ದಾದರೆ ಹೋಸ್, ಕ್ಲಾಂಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೊದಲು ಬದಲಿಸಿ, ಸ್ಮೋಕ್ ಟೆಸ್ಟ್ ಮಾಡಿಸಿ. ವ್ಯವಸ್ಥೆಯೊಳಗೆ ಹೊಗೆ ತುಂಬಿ ಎಲ್ಲಿ ಸೋರುತ್ತದೆ ಅಂತ ನೋಡುವ ಸರಳ ಪರೀಕ್ಷೆ ಅದು. ಅಂಟು, ಎಪಾಕ್ಸಿ ಹಾಕಿ ಬಿರುಕು ಮುಚ್ಚಿದ ಮ್ಯಾನಿಫೋಲ್ಡ್ ಟರ್ಬೊ ಕಾರಿಗೆ ಬೇಡವೇ ಬೇಡ. ನೈಲಾನಿಗೆ ಅಂಟು ಸರಿಯಾಗಿ ಕಚ್ಚುವುದಿಲ್ಲ.

ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸುವವರಿಗೂ ಒಂದು ಮಾತು. ಕಿಟ್‌ನ ನಾಜಲ್ ಕೂರಿಸಲು ಮ್ಯಾನಿಫೋಲ್ಡ್‌ಗೆ ತೂತು ಕೊರೆಯುತ್ತಾರೆ. ಸೀಳು ಹುಟ್ಟಲು ಅಂಥ ತೂತಿನ ಅಂಚಿಗಿಂತ ಒಳ್ಳೇ ಜಾಗ ಇಲ್ಲ. ಕೊಳವೆಯಲ್ಲಿ ಗ್ಯಾಸ್ ಇರುವಾಗ ಬ್ಯಾಕ್‌ಫೈರ್ ಆದರೆ ಒಳಗಿನ ಒತ್ತಡ ಕ್ಷಣದಲ್ಲಿ ಚಿಮ್ಮುತ್ತದೆ. ಕಾರ್ಖಾನೆಯಿಂದಲೇ ಸಿಎನ್‌ಜಿ ಬಂದ ಗಾಡಿ ತೆಗೆದುಕೊಳ್ಳುವುದು ನೆಮ್ಮದಿ.

ಕೊನೆಯದಾಗಿ ಕಾಗದಪತ್ರ. ರೀಮ್ಯಾಪ್ ಆದ ಕಾರಿನ ಎಂಜಿನ್ ವಾರಂಟಿ ಉಳಿಯುತ್ತದೆ ಅಂತ ನಂಬಿಕೊಳ್ಳಬೇಡಿ. ವಿಮೆ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಎದ್ದೇಳಬಹುದು. ಇಎಂಐ ಇನ್ನೂ ಬಾಕಿ ಇರುವ ಕಾರಿಗೆ ಇದು ಸಣ್ಣ ವಿಷಯವಲ್ಲ.

ನನ್ನ ಅಭಿಪ್ರಾಯ

ಕಾರು ಹೇಗಿದೆಯೋ ಹಾಗೇ ಓಡಿಸುವವರು ಮ್ಯಾನಿಫೋಲ್ಡ್ ಪ್ಲಾಸ್ಟಿಕ್ ಅಂತ ಒಂದು ನಿಮಿಷವೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದನ್ನು ಮಾಡಿದವರು ಕುಕ್ಕರ್ ಮಾಡಿದವರಷ್ಟೇ ಯೋಚಿಸಿದ್ದಾರೆ. ಅಲ್ಯೂಮಿನಿಯಂ ಹಾಕಿಸುವ ಖರ್ಚು ರೇಸ್ ಟ್ರ್ಯಾಕಿಗೆ ಹೋಗುವವರಿಗಿರಲಿ. ದಿನಬಳಕೆಯ ಕಾರಿಗೆ ತೂಕವೂ ಬಿಸಿಯೂ ಹೆಚ್ಚುವುದೇ ಬಂತು.

ವಾರಂಟಿ ಮುಗಿದಿದೆ, ಮೆತ್ತನೆಯ ರೀಮ್ಯಾಪ್, ಲಾಗ್ ಕೊಡುವ ಟ್ಯೂನರ್, ಹೊಸ ಹೋಸು ಕ್ಲಾಂಪು, ಇಷ್ಟಿದ್ದರೆ ಮ್ಯಾನಿಫೋಲ್ಡ್ ನಿಮ್ಮ ಮೊದಲ ಚಿಂತೆ ಆಗಬೇಕಿಲ್ಲ. ಕ್ಲಚ್ಚು, ಗೇರ್‌ಬಾಕ್ಸು ಅದಕ್ಕಿಂತ ಮುಂಚೆ ಕೂಗುತ್ತವೆ.

ಆದರೆ ಒಂದು ಮಾತು ನೆನಪಿರಲಿ. 25 ಶೇಕಡಾ ಪವರ್ ಪುಕ್ಕಟೆ ಬರುವುದಿಲ್ಲ. ಕಾರಿನ ಮುಂದಿನ ವರ್ಷಗಳಿಗಾಗಿ ಕಂಪನಿ ಎತ್ತಿಟ್ಟ ಮಾರ್ಜಿನ್‌ನಿಂದ ಅದನ್ನು ಈಗಲೇ ಡ್ರಾ ಮಾಡಿಕೊಳ್ಳುತ್ತಿದ್ದೀರಿ. ಎರಡು ವರ್ಷದಲ್ಲಿ ಕಾರು ಮಾರುವವರಿಗೆ ಆ ಲೆಕ್ಕ ಬೇರೆ, ಹತ್ತು ವರ್ಷ ಇಟ್ಟುಕೊಂಡು ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗುವವರಿಗೆ ಬೇರೆ. ನೀವು ಯಾರು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಟ್ಯೂನಿಂಗ್ ಅಂಗಡಿಗೆ ಫೋನ್ ಮಾಡಿ.